ಲಕ್ಷ ಹೆಜ್ಜೆಯ ಹರಕೆ

ಜುಲೈ 25, ಶುಕ್ರವಾರ

ಶ್ರಾವಣ ಶುರುವಾಯಿತು. ಓಣಿಯ ಹೆಂಗಸರೆಲ್ಲ ಒಮ್ಮೆಲೇ ಭಕ್ತರಾದರು. ಎದುರುಮನೆಯ ಸುಧಾರಾಣಿ ಲಕ್ಷ ಬತ್ತಿ ಹೊಸೆಯುತ್ತಾಳಂತೆ. ಅರಳೆಯ ಗಂಟನ್ನು ಹೊರಗಿನ ಕಟ್ಟೆಯ ಮೇಲೆ, ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಇಟ್ಟುಕೊಂಡು ಕುಳಿತಿದ್ದಾಳೆ. ಹೊಸೆಯುವುದು ಹತ್ತು ಬತ್ತಿ, ಆಡುವುದು ಸಾವಿರ ಮಾತು. ದೇವರಿಗೆ ಬತ್ತಿ ಮುಟ್ಟುವ ಮೊದಲು ಜೋರಾಪುರ ಪೇಟೆಗೆಲ್ಲ ಸುದ್ದಿ ಮುಟ್ಟಬೇಕು. ಅವಳ ಗಂಡ ಗುರುಪಾದಯ್ಯನದು ಇನ್ನೊಂದು ಸೋಗು. ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿಕೊಂಡಿದ್ದಾನೆ. ನಡೆಯುವುದು ಕಡಿಮೆ, ನಿಂತಲ್ಲೇ ಕೈ ಬೀಸುವುದು ಹೆಚ್ಚು.

ಈಗ ಅಂಥದೊಂದು ನನ್ನ ಕೈಗೂ ಬಂದಿದೆ. ಸಕ್ಕರೆ ಕಾಯಿಲೆಗೆ ದಿನಾ ನಡೆಯಬೇಕೆಂದು ಡಾಕ್ಟರರು ಹೇಳಿದ್ದೇ ನೆಪ, ನನ್ನ ಮಗ ಚೇತನ ಇವತ್ತು ತನ್ನ ಪಾತ್ರೆ-ಬಾಂಡೆಯ ಅಂಗಡಿಯಿಂದ ಬೇಗ ಬಂದು ತಾನೇ ಕಟ್ಟಿದ. ನನ್ನ ಮೊಬೈಲಿನಲ್ಲಿ ಏನೋ ಇಳಿಸಿದ.

"ಹೆಸರು, ಇಮೇಲು ಎಲ್ಲಾ ಕೇಳತೈತಿ ಬೇ. ನಿನಗ್ಯಾಕ ತ್ರಾಸ? ನನ್ನ ಹೆಸರಿನಾಗ ಮಾಡೇನಿ. ಹೊರಗ ನಡ್ಯಾಕ ಹೊಂಟಾಗ ವಾಚಿನ ಈ ಗುಂಡಿ ಒತ್ತು. ಮನಿಗಿ ಬಂದ ಮ್ಯಾಲ ಮತ್ತ ಒತ್ತು. ಮರೀಬ್ಯಾಡ."

ಎಷ್ಟು ಮಂದಿ ಗಂಡುಮಕ್ಕಳು ತಾಯಿಯ ಕಾಲಿನ ಬಗ್ಗೆ ಇಷ್ಟು ಯೋಚಿಸುತ್ತಾರೆ? ಇಂಥವನನ್ನು ಬಿಟ್ಟು ಹೋದಳು ಆ ಬಬಲೇಶ್ವರದವಳು, ಮೇ ತಿಂಗಳಲ್ಲಿ, ನಾಲ್ಕು ವರ್ಷದ ಕೂಸನ್ನು ಎತ್ತಿಕೊಂಡು. ಮೊಬೈಲನ್ನು ಅಡುಗೆಮನೆಯಲ್ಲಿ ಇಟ್ಟು ಹೋದಳು, ಹುಡುಕಬಾರದೆಂದು. ನಾಟಕ. ಚೇತನನ ಕೈ ಸ್ವಲ್ಪ ಮುಂದೆ, ಒಪ್ಪುತ್ತೇನೆ. ಯಾವ ಗಂಡಸಿನದು ಹಿಂದೆ ಇದೆ? ನಾನು ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದೆ, ನಮ್ಮ ಮನೆಯ ಒಂದು ಮಾತೂ ಹೊಸಿಲು ದಾಟಲಿಲ್ಲ.

ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ. ಹೋದ ವಾರ ಮೊಸರು ಕೊಡುವ ಭೀಮಾಬಾಯಿ ಗಡಿಗೆ ಇಳಿಸಿ ಕಿವಿಯಲ್ಲಿ ಹೇಳಿದಳು: "ಅಕ್ಕಾರ, ನಿಮ್ಮ ಸೊಸಿ ಇಟ್ಟಂಗಿಹಾಳದಾಗ ನಮ್ಮ ತ್ವಾಟದ ಮನ್ಯಾಗ ಅದಾಳ. ಕೂಸಿಗೆ ಜ್ವರ ಬಂದಿತ್ತು, ಆಯಿ ಆಯಿ ಅಂತ ಒಂದ ಸವನ ಅಳಾಕತ್ತೈತಿ. ನಿಮಗೊಬ್ಬರಿಗೆ ಹೇಳಂದಾಳ. ಮಗನ ಮುಂದ ಬಾಯಿ ಬಿಡಬ್ಯಾಡ್ರಿ." ಅದರ ಆಯಿ, ಅಜ್ಜಿ, ಎಂದರೆ ನಾನೇ. ಕೂಸಿನ ಮೇಲೆ ಆಣೆ ಮಾಡಿಸಿಕೊಂಡೇ ಹೋದಳು. ಮೊಸರು ಮಾರುವವಳು ನನಗೆ ಆಣೆ ಹಾಕುವಂತಾಯಿತು.

ಸುಧಾರಾಣಿಯದು ಲಕ್ಷ ಬತ್ತಿಯಾದರೆ ನನ್ನದು ಲಕ್ಷ ಹೆಜ್ಜೆ. ಶ್ರಾವಣ ಮುಗಿಯುವುದರೊಳಗೆ ಸಿದ್ಧೇಶ್ವರನಿಗೆ ಲಕ್ಷ ಹೆಜ್ಜೆ ಒಪ್ಪಿಸುತ್ತೇನೆ, ನನ್ನ ಸಂಸಾರ ಒಂದಾಗಲಿ. ಹರಕೆಯೆಂದರೆ ಹರಕೆ, ಅಂದಾಜು ನಡೆಯುವುದಿಲ್ಲ. ಒಂದು ಹೆಜ್ಜೆ ಲೆಕ್ಕ ತಪ್ಪಿದರೂ ಮುರಿದಂತೆ. ಯಾರಿಗೂ ಹೇಳಿಲ್ಲ. ಕಟ್ಟೆಯ ಮೇಲೆ ಹರವಿಕೊಂಡು ಕೂರುವುದು ನನ್ನ ಜಾಯಮಾನವಲ್ಲ.

ಇಂದು 1,204.

ಜುಲೈ 28, ಸೋಮವಾರ

ಮೊದಲ ಶ್ರಾವಣ ಸೋಮವಾರ. ಮನೆಯಿಂದ ಹೊರಡುವಾಗ ಗುಂಡಿ ಒತ್ತಿದೆ, ಗುಡಿಯ ಗಂಟೆ ಬಾರಿಸಿದಷ್ಟೇ ಶ್ರದ್ಧೆಯಿಂದ. ಸಿದ್ಧೇಶ್ವರ ಗುಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕೈ ಮುಗಿಯುವವರಿಗಿಂತ ಫೋಟೋ ತೆಗೆಯುವವರು ಹೆಚ್ಚು. ತಾವು ಎಲ್ಲಿದ್ದೇವೆ, ಏನು ತಿಂದೆವು, ಯಾರ ಜೊತೆ ಬಂದೆವು, ಎಲ್ಲವನ್ನೂ ಊರಿಗೆ ತೋರಿಸಬೇಕು ಈ ಮಂದಿಗೆ. ಒಳಗುಟ್ಟು ಅನ್ನುವುದೇ ಇಲ್ಲದ ಜನ.

ರೊಟ್ಟಿ ಹಬ್ಬವಾದ್ದರಿಂದ ಚೇತನ ಮಧ್ಯಾಹ್ನ ಊಟಕ್ಕೆ ಬಂದ. "ಐದ ಸುತ್ತ ಹಾಕಿದಿ ಅಲ್ಲ ಬೇ ಗುಡಿಗೆ? ಬರುವಾಗ ಬಳಿ ಅಂಗಡ್ಯಾಗ ಕುಂತಿದ್ದಿ" ಎಂದ. ನಾನೇ ಹೇಳಿರಬೇಕು. ವಯಸ್ಸಾಯಿತು, ಹೇಳಿದ್ದು ನೆನಪಿರುವುದಿಲ್ಲ.

ಒಟ್ಟು 11,640.

ಜುಲೈ 31, ಗುರುವಾರ

ಇಟ್ಟಂಗಿಹಾಳಕ್ಕೆ ಹೋಗಿ ಬಂದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಳ್ಳಬೇಕು. ತೊರವಿಯ ಗುಡಿಗೆ ಹೋಗುತ್ತೇನೆಂದು ಚೇತನನಿಗೆ ಹೇಳಿದೆ. ಮೊಬೈಲನ್ನು ಬೇಕೆಂದೇ ದೇವರ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಿಟ್ಟೆ. ನಮ್ಮ ಓಣಿಯ ಆಟೋ ಬಿಟ್ಟು ಬೇರೆ ಕಡೆ ನಿಂತು ಟಂಟಂ ಗಾಡಿ ಹತ್ತಿದೆ. ಕ್ರಾಸಿನಲ್ಲಿ ಇಳಿದು ಸೆರಗು ಮುಂದೆ ಎಳೆದುಕೊಂಡು ಹೊಲದ ದಾರಿ ಹಿಡಿದೆ. ಗುಂಡಿ ಮಾತ್ರ ಮನೆಯ ಬಾಗಿಲಲ್ಲೇ ಒತ್ತಿದ್ದೆ. ಅಷ್ಟು ದೂರ ನಡೆದ ಹೆಜ್ಜೆಗಳನ್ನು ಹರಕೆಯಿಂದ ಬಿಡಲಾಗುತ್ತದೆಯೇ?

ಭೀಮಾಬಾಯಿಯ ತೋಟದ ಮನೆಯೆಂದರೆ ಕೊಟ್ಟಿಗೆಗೆ ಹೊಂದಿಸಿ ಕಟ್ಟಿದ ಒಂದು ಕೋಣೆ, ಮೇಲೆ ತಗಡು. ಅದರಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹಳ್ಳಿಯವರ ಜಂಪರು ಹೊಲಿಯುತ್ತಾಳೆ ನನ್ನ ಸೊಸೆ. ಜೋರಾಪುರ ಪೇಟೆಯ ಮೂರು ಅಂತಸ್ತಿನ ಮನೆ ಬಿಟ್ಟು! ಕೂಸು ಓಡಿ ಬಂದು ಕಾಲು ಕಟ್ಟಿಕೊಂಡಿತು. ಪಂಚಮಿಯ ಉಂಡಿಯ ಡಬ್ಬಿ ತೆಗೆದೆ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಕೂಸು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಹಬ್ಬಕ್ಕೆ ತವರಿಗೂ ಹೋಗಲಿಲ್ಲವಂತೆ ಇವಳು. ಚೇತನ ಮೇ ತಿಂಗಳಲ್ಲಿ ಎರಡು ಸಲ ಬಬಲೇಶ್ವರಕ್ಕೆ ಹೋಗಿ ಇವಳ ಅಣ್ಣ ಮಲ್ಲಿನಾಥನ ಮನೆ ಮುಂದೆ ಕೂಗಾಡಿ ಬಂದದ್ದು ನಿಜ. ಹೆಂಡತಿಯನ್ನು ಕಳೆದುಕೊಂಡವನು ಹಾಡು ಹೇಳುತ್ತಾನೆಯೇ?

ಚಹಾದ ಬಟ್ಟಲನ್ನು ಎಡಗೈಯಲ್ಲಿ ಕೊಟ್ಟಳು. ಅತ್ತೆಗೆ ಎಡಗೈಯಲ್ಲಿ! ಕೊಡುವಾಗಲೇ ಅವಳ ಕಣ್ಣು ನನ್ನ ಮಣಿಕಟ್ಟಿನ ಮೇಲೆ ಬಿತ್ತು.

"ಅತ್ಯಾರ, ಇದ್ಯಾರ ಕೊಟ್ರಿ?"

"ನನ್ನ ಮಗ. ನಿನ್ನ ಗಂಡ. ನೆನಪೈತಿಲ್ಲೋ?"

ಬಟ್ಟಲು ಕೆಳಗಿಟ್ಟು ಬಾಗಿಲಿಗೆ ಹೋಗಿ ದಾರಿ ನೋಡಿ ಬಂದಳು. "ಮುಂದಿನ ಸಲ ಬರುವಾಗ ಇದನ್ನ ಮನ್ಯಾಗ ಬಿಟ್ಟು ಬರ್ರಿ. ಕೈ ಮುಗೀತೀನಿ. ಗುಡಿಗಿ ಹ್ವಾದಾಗ ಚಪ್ಪಲಿ ಹೊರಗ ಬಿಡಂಗಿಲ್ಲೇನ್ರಿ?"

"ಇದು ಹರಕಿ ವಾಚು. ಹೆಜ್ಜಿ ಎಣಸಾಕತ್ತೇನಿ. ಬಿಚ್ಚಾಕ ಬರಂಗಿಲ್ಲ."

ಮದುವೆಗೆ ಮೊದಲು ಕಂಪ್ಯೂಟರ್ ಕ್ಲಾಸಿಗೆ ಎರಡು ತಿಂಗಳು ಹೋಗಿದ್ದಳು, ಅದರ ಗತ್ತು ಇನ್ನೂ ಇಳಿದಿಲ್ಲ. ಹೆಜ್ಜೆ ಎಣಿಸುವ ವಾಚಿಗೆ ಬಾಯಿ ಇದೆಯೇ ಹೋಗಿ ಹೇಳಲಿಕ್ಕೆ? ಮನೆ ಬಿಟ್ಟವಳಿಗೆ ಕಂಡಲ್ಲೆಲ್ಲ ಪೊಲೀಸು.

ಕೂಸನ್ನು ಎತ್ತಿಕೊಂಡು ಬೇವಿನ ಗಿಡವನ್ನು ಎಷ್ಟು ಸುತ್ತು ಹಾಕಿದೆನೋ. ಇಳಿಯಲೊಲ್ಲದು.

ಒಟ್ಟು 24,318.

ಆಗಸ್ಟ್ 4, ಸೋಮವಾರ

ಕಾಲು ನೋವು. ಗುರುಪಾದಯ್ಯ ಬಂದು ಯಾವ ಬೂಟು ಹಾಕಿಕೊಳ್ಳಬೇಕೆಂದು ಅರ್ಧ ತಾಸು ಉಪದೇಶ ಮಾಡಿದ. ಬಾಯಿಂದ ಮಿರ್ಚಿ ಭಜಿಯ ವಾಸನೆ ಬರುತ್ತಿತ್ತು. ಒಟ್ಟು 37,050.

ಆಗಸ್ಟ್ 7, ಗುರುವಾರ

ಮತ್ತೆ ಇಟ್ಟಂಗಿಹಾಳ. ವಾಚು ಬಿಚ್ಚಲಿಲ್ಲ. ಸೊಸೆ ಅನುರಾಧಾ ನನ್ನ ಕೈ ನೋಡಿದವಳೇ ಒಳಗೆ ಹೋದಳು. ಮುಖ ಬಿಳಿಚಿಕೊಂಡಿತ್ತು. ಬೇಕೆಂದೇ ಮಾಡುತ್ತಾಳೆ ಎಂದುಕೊಂಡೆ.

ಊಟಕ್ಕೆ ರೊಟ್ಟಿ ಬಡಿಯಲು ಕುಳಿತಳು. ಎಡಗೈಯಿಂದ ಬಡಿಯುತ್ತಿದ್ದಳು. ಬಲಗೈಯನ್ನು ಹಿಟ್ಟಿನ ಅಂಚಿಗೆ ಸುಮ್ಮನೆ ಆನಿಸಿದ್ದಳು ಅಷ್ಟೇ. ರೊಟ್ಟಿ ಒಂದು ಬದಿಗೆ ದಪ್ಪ, ಇನ್ನೊಂದು ಬದಿಗೆ ಹರಿದಿತ್ತು. ನಮ್ಮ ಮನೆಗೆ ಬಂದ ಹೊಸದರಲ್ಲಿ ಇವಳ ರೊಟ್ಟಿ ಹಂಚಿನ ತುಂಬ ಇರುತ್ತಿತ್ತು. ನನ್ನ ಬಾಯಿಂದ ಹೊಗಳಿಕೆ ಬರುವುದಿಲ್ಲ, ಆದರೆ ಒಂದು ಹೆಚ್ಚು ತಿನ್ನುತ್ತಿದ್ದೆ.

"ಕೈ ಇನ್ನೂ ನೆಟ್ಟಗಾಗಿಲ್ಲೇನು?" ಎಂದೆ. ಅವಳು ಹಂಚಿನ ಕಡೆ ತಿರುಗಿದಳು. ಉತ್ತರ ಕೊಟ್ಟಿದ್ದು ಕೂಸು, ಉಂಡಿ ತಿನ್ನುತ್ತಾ, ಶಾಲೆಯ ಪದ್ಯ ಒಪ್ಪಿಸಿದ ಹಾಗೆ: "ಅವ್ವನ ಕೈ ಬಾಗಲದಾಗ ಸಿಕ್ಕಿತ್ತು. ಪಪ್ಪಾ ಬಾಗಲಾ ಒತ್ತಿ ಹಿಡದಿದ್ದ. ಅವ್ವ ಬಿಡ್ರಿ ಬಿಡ್ರಿ ಅಂದ್ಳು. ಪಪ್ಪಾ ಬಿಡಲಿಲ್ಲ."

ಮಕ್ಕಳು ಏನೇನೋ ಹೇಳುತ್ತವೆ.

ಏಪ್ರಿಲಿನಲ್ಲಿ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಡಾಕ್ಟರರಿಗೆ ಹಾಗೆ ಹೇಳಿದ್ದು ನಾನೇ. ಚೇತನ ಹಾಗೆ ಹೇಳಿದ್ದ. ಆ ಹೊತ್ತಿಗೆ ನಾನು ಕೆಳಗಿನ ಕೋಣೆಯಲ್ಲಿ ಧಾರಾವಾಹಿ ನೋಡುತ್ತಿದ್ದೆ. ಮೇಲೆ ಸಪ್ಪಳವಾಯಿತು. ಟಿವಿಯ ದನಿ ಏರಿಸಿದೆ. ಧಾರಾವಾಹಿಯಲ್ಲಿ ಮುಖ್ಯವಾದ ಮಾತು ನಡೆದಿತ್ತು. ಏನು ಮಾತೆಂದು ಈಗ ನೆನಪಿಲ್ಲ.

ಒಟ್ಟು 49,902.

ಆಗಸ್ಟ್ 8, ಶುಕ್ರವಾರ

ಬರೆಯುವುದು ಏನೂ ಇಲ್ಲ. 2,870 ಹೆಜ್ಜೆ.

ಆಗಸ್ಟ್ 11, ಸೋಮವಾರ

ಗುಡಿಯಿಂದ ಬರುವಾಗ ಸುಧಾರಾಣಿ ಕಟ್ಟೆಯ ಮೇಲೆ ಒಬ್ಬಳೇ ಬಿದ್ದು ಬಿದ್ದು ನಗುತ್ತಿದ್ದಳು. "ಬರ್ರಿ ವೈನಿ, ನಮ್ಮನಿಯವರ ವಾಕಿಂಗ್ ನೋಡ್ರಿ" ಎಂದು ಮೊಬೈಲ್ ಮುಂದೆ ಹಿಡಿದಳು. ಊರಿನ ನಕ್ಷೆ. ಅದರಲ್ಲಿ ಒಂದು ನೀಲಿ ಗೆರೆ ನಮ್ಮ ಓಣಿಯಿಂದ ಹೊರಟು ಸ್ಟೇಷನ್ ರಸ್ತೆಯ ಭಜಿ ಅಂಗಡಿಯ ತನಕ ಹೋಗಿ ಅಲ್ಲಿಯೇ ಸುತ್ತಿಕೊಂಡು ಬಿದ್ದಿತ್ತು.

"ದಿನಾ ಐದ ಕಿಲೋಮೀಟರ್ ಅಂತ ಸುಳ್ಳ ಹೇಳತಿದ್ರು. ನೋಡ್ರಿ, ಇಲ್ಲಿ ನಲವತ್ತ ನಿಮಿಷ ಕುಂತಾರ! ಗಂಟಿ ಸಹಿತ ತೋರಸ್ತೈತಿ. ವಾಚ್ ನನ್ನ ಮೊಬೈಲಿಗಿ ಕೂಡಿಸೇನಿ ಅಂತ ಅವರಿಗೆ ಗೊತ್ತಿಲ್ಲ."

ನಾನೂ ನಕ್ಕೆ. ಇಂಥ ಮೂರ್ಖ ಗಂಡಸು ಪೇಟೆಯಲ್ಲಿ ಇನ್ನೊಬ್ಬನಿಲ್ಲ. ತನ್ನ ಕೈಗೆ ತಾನೇ ಚಾಡಿಕೋರನನ್ನು ಕಟ್ಟಿಕೊಂಡು ತಿರುಗುತ್ತಾನೆ.

ನಗು ಅರ್ಧಕ್ಕೆ ನಿಂತಿತು. ನನ್ನ ಕೈ ನೋಡಿಕೊಂಡೆ.

ಊಟಕ್ಕೆ ಕುಳಿತಾಗ ಚೇತನಕುಮಾರ ಸಿಳ್ಳೆ ಹಾಕುತ್ತಿದ್ದ. ಮೂರು ತಿಂಗಳಾಗಿತ್ತು ಅವನ ಸಿಳ್ಳೆ ಕೇಳಿ. "ಗುರುವಾರ ತೊರವಿಗಿ ಹೋಗ್ತಿಯಲ್ಲ ಬೇ? ಹೋಗು, ಹೋಗು. ಬಿಡಬ್ಯಾಡ" ಎಂದ.

ಆಗಸ್ಟ್ 12, ಮಂಗಳವಾರ

ಅಯೂಬನ ಮೊಬೈಲ್ ಅಂಗಡಿಗೆ ಹೋದೆ. ಗಡಿಯಾರ ರಿಪೇರಿ ಮಾಡುತ್ತಿದ್ದ ಅವನಪ್ಪನ ಕಾಲದಿಂದ ಪರಿಚಯ. ಸುತ್ತಿ ಬಳಸಿ ಕೇಳುವ ತಾಳ್ಮೆ ನನಗಿಲ್ಲ. ಮೊಬೈಲ್ ಮುಂದಿಟ್ಟು, "ಇದರಾಗ ನನ್ನ ದಾರಿ ಯಾರಿಗೆ ಕಾಣತೈತಿ ಹೇಳು" ಎಂದೆ.

ಎರಡು ನಿಮಿಷವೂ ಹಿಡಿಯಲಿಲ್ಲ. "ಕಾಕೂ, ಈ ಅಕೌಂಟ್ ನಿಮ್ಮದಲ್ರಿ, ಚೇತನ ಅಣ್ಣಾರದು. ಗುಂಡಿ ಒತ್ತಿದಾಗಿಂದ ಮತ್ತ ಒತ್ತೂತನಕ ಎಲ್ಲಿ ನಡದ್ರಿ, ಎಲ್ಲಿ ಎಷ್ಟ ಹೊತ್ತ ಕುಂತ್ರಿ, ಎಲ್ಲಾ ಅವರ ಮೊಬೈಲಿಗೂ ಹೋಗತೈತ್ರಿ."

"ಮೊಬೈಲ್ ಮನ್ಯಾಗ ಬಿಟ್ಟ ಹೋಗಿದ್ದೆ."

"ದಾರಿ ವಾಚಿನಾಗ ಉಳದಿರತೈತ್ರಿ. ಮನಿಗಿ ಬಂದ ಕೂಡಲೇ ಮೊಬೈಲಿಗಿ ಒಪ್ಪಿಸಿಬಿಡತೈತಿ."

"ಮತ್ತ ಗುಂಡಿ ಒತ್ತದಿದ್ರ ಹೆಜ್ಜಿ ಎಣಸಂಗಿಲ್ಲಲ್ಲ?"

ಅಯೂಬ ನನ್ನನ್ನು ಮರುಕದಿಂದ ನೋಡಿದ. "ಹೆಜ್ಜಿ ಸುಮ್ಮ ಎಣಸತೈತ್ರಿ ಕಾಕೂ, ಕೈಯಾಗ ಇದ್ರ ಸಾಕು. ಗುಂಡಿ ಇರೂದು ದಾರಿ ಬರ್ಯಾಕ."

ನಕ್ಷೆ ತೋರಿಸಿದ. ಜೋರಾಪುರ ಪೇಟೆಯಿಂದ ಹೊರಟ ಗೆರೆ ಕ್ರಾಸಿನಲ್ಲಿ ತಿರುಗಿ, ಹೊಲದ ದಾರಿ ಹಿಡಿದು, ಒಂದು ಕಡೆ ನೂಲಿನುಂಡೆಯ ಹಾಗೆ ಗಂಟು ಬಿದ್ದಿತ್ತು. ಬೇವಿನ ಗಿಡ. ಕೂಸನ್ನು ಎತ್ತಿಕೊಂಡು ನಾನು ಹಾಕಿದ ಸುತ್ತುಗಳು. ಒಂದಲ್ಲ, ಎರಡು ಗುರುವಾರ. ಯಾರಿಗೂ ಸಂಶಯ ಉಳಿಯಬಾರದೆಂದು ಸಹಿ ಹಾಕಿಕೊಟ್ಟ ಹಾಗಿತ್ತು.

ಅಳಿಸಿ ಬಿಡಲೇ ಎಂದು ಅಯೂಬ ಕೇಳಿದ. ಅಳಿಸಿದರೆ ಅಣ್ಣನಿಗೂ ಗೊತ್ತಾಗುತ್ತದೆ ಎಂದೂ ಹೇಳಿದ. ಬೇಡವೆಂದೆ. ನೋಡುವವನು ಯಾವಾಗಲೋ ನೋಡಿಯಾಗಿದೆ.

ಗುರುಪಾದಯ್ಯನದು ನಲವತ್ತು ನಿಮಿಷದ ಭಜಿ. ಅವನನ್ನು ಮೂರ್ಖ ಎಂದು ಬರೆದಿದ್ದೇನೆ ಹಿಂದಿನ ಪುಟದಲ್ಲಿ. ನನ್ನನ್ನು ಏನೆಂದು ಬರೆಯಲಿ?

ಆಗಸ್ಟ್ 13, ಬುಧವಾರ

ಚೇತನನ ಗೆಳೆಯ ಸಿದ್ದಲಿಂಗೇಶ ಜೀಪು ತಂದು ಮನೆ ಮುಂದೆ ನಿಲ್ಲಿಸಿದ. ಮುಂದಿನ ಕೋಣೆಯಲ್ಲಿ ಕುಳಿತು ಚಹಾ ಕುಡಿದರು. ನಾನು ಅಡುಗೆಮನೆಯಲ್ಲಿದ್ದೆ. ಈ ಸಲ ಟಿವಿ ಬಂದ್ ಮಾಡಿ ಕೇಳಿದೆ.

"ಶುಕ್ರವಾರ ಆಗಸ್ಟ್ ಹದಿನೈದು, ಅಂಗಡಿ ಬಂದ್. ಮುಂಜಾನೆ ಹೋಗಿ ಮೊದಲ ಕೂಸನ್ನ ಎತ್ತಾಕೊಳ್ಳೂದು. ಆಕಿ ತಾನ ಹಿಂದಿಂದ ಬರ್ತಾಳ."

"ಬರಲಿಲ್ಲಂದ್ರ?" ಸಿದ್ದಲಿಂಗೇಶ ಕೇಳಿದ.

"ಇನ್ನೊಂದ ಕೈ ಐತಲ್ಲ" ಎಂದ ನನ್ನ ಮಗ. ಇಬ್ಬರೂ ನಕ್ಕರು.

ಆ ನಗು ನನಗೆ ಗೊತ್ತು. ಸಣ್ಣವನಿದ್ದಾಗ ಮಿಡತೆಯ ಕಾಲು ಕಿತ್ತು ಹೀಗೇ ನಗುತ್ತಿದ್ದ. ಹುಡುಗಾಟ ಎಂದು ನಾನೂ ನಗುತ್ತಿದ್ದೆ.

ಆಗಸ್ಟ್ 14, ಗುರುವಾರ

ವಾಚನ್ನು ಸುಮ್ಮನೆ ಮನೆಯಲ್ಲಿ ಬಿಟ್ಟು ಹೋದರೆ ಅವನಿಗೆ ಸಂಶಯ ಬರುತ್ತದೆ. ಅದು ನಡೆಯಬೇಕು, ಆದರೆ ನನ್ನ ಕೈಯಲ್ಲಲ್ಲ. ಬೇರೆ ದಾರಿ ಕಾಣದೆ ಬೆಳಿಗ್ಗೆ ಸುಧಾರಾಣಿಯ ಮನೆಗೆ ಹೋದೆ. ಮೂವತ್ತು ವರ್ಷದಲ್ಲಿ ಅವಳ ಬಳಿ ಒಂದು ಬಟ್ಟಲು ಸಕ್ಕರೆ ಕೇಳಿದವಳಲ್ಲ ನಾನು.

"ಇವತ್ತೊಂದಿನ ಇದನ್ನ ಕಟಗೊಂಡು ಗುಡಿ ಸುತ್ತ ನಡೀರಿ. ಯಾಕಂತ ಕೇಳಬ್ಯಾಡ್ರಿ."

ಸುಧಾರಾಣಿ ಬತ್ತಿಯ ಕೈ ಒರೆಸಿಕೊಂಡು ವಾಚು ಕಟ್ಟಿಕೊಂಡಳು. "ಕೇಳಂಗಿಲ್ರಿ ವೈನಿ. ಅವತ್ತ ನಿಮ್ಮ ಮನಿ ಬಾಗಲದ ಸಪ್ಪಳ ನಮಗೂ ಕೇಳಿತ್ತು. ನೀವು ಇದ್ದೀರಿ ಅಂತ ನಾ ಸುಮ್ಮನಾದೆ."

ನಾನಿದ್ದೆ. ಹೌದು, ಇದ್ದೆ.

ಹತ್ತು ಗಂಟೆಗೆ ತೋಟ ಮುಟ್ಟಿದೆ. ಅನು ನನ್ನ ಬರಿಗೈ ನೋಡಿದಳು, ಆಮೇಲೆ ಮುಖ ನೋಡಿದಳು. ಹೇಳುವುದು ಹೆಚ್ಚೇನೂ ಇರಲಿಲ್ಲ. "ನಾಳೆ ಬರ್ತಾನ. ನಾನ ದಾರಿ ತೋರಸೇನಿ" ಎಂದೆ. ಬೈಯಲಿ ಎಂದು ನಿಂತೆ. ಅವಳು ಬೈಯಲಿಲ್ಲ. ಬಟ್ಟೆಯ ಗಂಟು ಮೊದಲೇ ಕಟ್ಟಿಟ್ಟಿದ್ದಳು, ಮಂಚದ ಕೆಳಗಿತ್ತು. ಹೋದ ಗುರುವಾರ ನನ್ನ ಕೈ ನೋಡಿದ ದಿನವೇ ಕಟ್ಟಿದ್ದಳಂತೆ, ಹೊಲಿಗೆಯ ಕೆಲಸ ಕೊಡುವವರೊಬ್ಬರಿಗೆ ಹೇಳಿಯೂ ಇಟ್ಟಿದ್ದಳಂತೆ. ಇವಳನ್ನು ದಡ್ಡಿ ಎಂದುಕೊಂಡು ಐದು ವರ್ಷ ಕಳೆದೆ.

ಭೀಮಾಬಾಯಿಯ ಗಂಡ ಯಲಗೂರಪ್ಪ ಕುರಿ ಸಾಗಿಸುವ ಟೆಂಪೋ ತಂದ. ಯಂತ್ರವನ್ನು ನಾನೂ ಒಂದು ಕೈ ಹಿಡಿದು ಏರಿಸಿದೆ. ಅನು ಹತ್ತುವ ಮುಂಚೆ ನಿಂತಳು. "ಎಲ್ಲಿಗಿ ಹೊಂಟೇನಿ ಅಂತ ಹೇಳ್ಲೇನ್ರಿ ಅತ್ಯಾರ?"

"ಬ್ಯಾಡ. ನನಗ ಹೇಳಬ್ಯಾಡ."

ಕೂಸಿಗೆ ಆಯಿ ನಾಳೆ ಬರುತ್ತಾಳೆ ಎಂದು ಸುಳ್ಳು ಹೇಳಿದೆ. ಟೆಂಪೋ ಹೋದ ಮೇಲೆ ಕ್ರಾಸಿನ ತನಕ ಒಬ್ಬಳೇ ನಡೆದೆ. ಅಳುತ್ತಿದ್ದೆನೇನೋ. ದಾರಿಯಲ್ಲಿ ಯಾರೂ ಇರಲಿಲ್ಲ.

ಸಂಜೆ ಸುಧಾರಾಣಿ ವಾಚು ತಂದುಕೊಟ್ಟಳು, 3,940 ಹೆಜ್ಜೆ. ಅವು ಅವಳವು, ಹರಕೆಗೆ ಹಿಡಿಯುವುದಿಲ್ಲ. ನಾನು ಇವತ್ತು ನಡೆದದ್ದು ಯಾವ ಲೆಕ್ಕದಲ್ಲೂ ಇಲ್ಲ.

ಆಗಸ್ಟ್ 15, ಶುಕ್ರವಾರ

ಎಂಟು ಗಂಟೆಗೆ ಜೀಪು ಹೋಯಿತು. ಹನ್ನೊಂದಕ್ಕೆ ಬಂತು. ಚೇತನನ ಅಂಗಿಗೆಲ್ಲ ಸಗಣಿಯ ಕಲೆ. ಭೀಮಾಬಾಯಿ ಕೊಟ್ಟಿಗೆಯನ್ನೆಲ್ಲ ಹುಡುಕಿಸಿ, ಎಮ್ಮೆಯ ಹಿಂದೆಯೂ ನೋಡ್ರಿ ಎಂದಳಂತೆ.

ನನ್ನ ಎದುರು ಬಂದು ನಿಂತ. ಬಾಯಿ ತೆರೆದ, ಮುಚ್ಚಿದ. ಕೇಳಬೇಕೆಂದರೆ ತಾನು ತಾಯಿಯ ಬೆನ್ನು ಹತ್ತಿದ್ದನ್ನು ಹೇಳಬೇಕಾಗುತ್ತದೆ. ಅಷ್ಟು ಎದೆಗಾರಿಕೆ ಎಲ್ಲಿಂದ ಬರಬೇಕು ಈ ಶೂರನಿಗೆ? ಕೊನೆಗೆ, "ವಾಚ್ ಬಿಚ್ಚಬ್ಯಾಡ ಬೇ, ಸಕ್ಕರಿಗಿ ಛಲೋ" ಎಂದಷ್ಟೇ ಹೇಳಿ ಮೇಲೆ ಹೋದ.

ಬಿಚ್ಚುವುದಿಲ್ಲಪ್ಪಾ. ಈಗಂತೂ ಬಿಚ್ಚುವುದೇ ಇಲ್ಲ.

ಆಗಸ್ಟ್ 20, ಬುಧವಾರ

ಮೂರು ದಿನದಿಂದ ಗುಂಡಿ ಒತ್ತಿ ಅವನಿಗೆ ಊರು ತೋರಿಸುತ್ತಿದ್ದೇನೆ. ಸೋಮವಾರ ಬಸ್ ನಿಲ್ದಾಣದ ಹಿಂದಿನ ಮರದ ಕೆಳಗೆ ಎರಡು ತಾಸು ಕುಳಿತೆ. ಮಧ್ಯಾಹ್ನ ಅವನ ಸ್ಕೂಟರ್ ಅಲ್ಲಿ ಸುಳಿದಾಡಿತೆಂದು ಅಯೂಬ ಹೇಳಿದ. ನಿನ್ನೆ ಕೋಟೆಗೋಡೆಯ ಬುಡದಲ್ಲಿ. ಅಂಗಡಿಗೆ ಬೀಗ, ಗಿರಾಕಿಗಳು ವಾಪಸ್ಸು, ಸಾಹುಕಾರರು ಬಿಸಿಲಲ್ಲಿ ಗೋಡೆ ಸುತ್ತುತ್ತಿದ್ದಾರೆ.

ಇಂದು ತಿಕೋಟಾ. ದಾರಿ ಅವನಿಗೆ ಆಗಿಂದಾಗಲೇ ಕಾಣಲೆಂದು ಮೊಬೈಲನ್ನೂ ಒಯ್ದೆ. ಬಸ್ಸಿಳಿದು ಗುಡಿಯ ಕಟ್ಟೆಯ ಮೇಲೆ ಕುಳಿತೆ. ಪಕ್ಕದಲ್ಲಿ ಭಾಗಪ್ಪನೆಂಬ ಮುದುಕ ಹಗ್ಗ ಹೊಸೆಯುತ್ತಿದ್ದ. ಯಾರ ಮನೆಗೆ ಬಂದಿರಿ ಎಂದು ಕೇಳಿದ. ಮಗ ಬರುತ್ತಾನೆ, ಕಾಯುತ್ತಿದ್ದೇನೆ ಎಂದೆ. ಸುಳ್ಳಲ್ಲ.

ಎರಡು ತಾಸಿಗೆ ಜೀಪು ಬಂತು. ಇಳಿದವನು ಅಕ್ಕಪಕ್ಕದ ಬಾಗಿಲುಗಳನ್ನೆಲ್ಲ ನೋಡಿದ. ಆಮೇಲೆ ನನ್ನನ್ನು ನೋಡಿದ. ಅರ್ಥವಾಯಿತು ಅವನಿಗೆ.

"ಎಲ್ಲಿ ಅದಾಳ?"

"ಯಾರಪ್ಪಾ? ನಾ ಹೆಜ್ಜಿ ಎಣಸಾಕತ್ತೇನಿ. ನೀ ಕೊಡಿಸಿದ್ದಲ್ಲ?"

ಮಣಿಕಟ್ಟು ಹಿಡಿದ. ವಾಚಿನ ಮೇಲೆಯೇ ಹಿಡಿದು ತಿರುವಿದ. ಎಲುಬಿನ ತನಕ ನೋವಾಯಿತು. ಅವನ ಮುಖ ನೋಡಿದೆ, ಅದರಲ್ಲಿ ಸಿಟ್ಟೂ ಇರಲಿಲ್ಲ. ಎಷ್ಟು ತಿರುವಿದರೆ ಮಾತು ಹೊರಡುತ್ತದೆ ಎಂದು ನೋಡುತ್ತಿದ್ದ. ನಾನು ಹೆತ್ತ ತಾಯಿ. ಅಲ್ಲಿ ಬಾಗಿಲು ಇರಲಿಲ್ಲ, ಅಷ್ಟೇ.

"ಏ ತಮ್ಮಾ, ಮೊದಲ ಕೈ ಬಿಡು" ಎಂದು ಭಾಗಪ್ಪ ಎದ್ದ. ಚಹಾ ಅಂಗಡಿಯಿಂದ ನಾಲ್ಕು ಮಂದಿ ಬಂದರು. ಇವನು ತಟ್ಟನೆ ಬಿಟ್ಟು ನಕ್ಕ. "ನಮ್ಮ ತಾಯಿ ರೀ. ತಲಿ ಸರಿ ಇಲ್ಲ. ಮನಿ ಮಾತು, ನೀವು ಹೋಗ್ರಿ."

ಮನೆ ಮಾತು. ನನ್ನ ಬಾಯಿಂದಲೇ ಕಲಿತದ್ದು ಅದು.

ನಾನು ಕಟ್ಟೆ ಹಿಡಿದು ಎದ್ದು ನಿಂತೆ. ಬಸ್ಸಿಗೆ ನಿಂತವರಿಗೂ ಕೇಳಬೇಕು, ಅಷ್ಟು ದೊಡ್ಡ ದನಿಯಲ್ಲಿ ಹೇಳಿದೆ: "ತಲಿ ಸರಿ ಐತ್ರಿ. ಇಂವ ನನ್ನ ಮಗ ಚೇತನಕುಮಾರ, ಬಿಜಾಪುರ ಜೋರಾಪುರ ಪ್ಯಾಟ್ಯಾಗ ಬಾಂಡೆ ಅಂಗಡಿ. ಹೆಂಡತಿ ಕೈ ಬಾಗಲದಾಗ ಹಾಕಿ ಮುರದಾನ. ಬಚ್ಚಲದಾಗ ಬಿದ್ದಾಳಂತ ನಾ ಸುಳ್ಳ ಹೇಳಿದ್ದೆ. ಆಕಿ ತಪ್ಪಿಸಿಕೊಂಡ್ಲು. ಆಕೀನ ಹುಡಕಾಕ ನನ್ನ ಕೈಗೆ ಇದನ್ನ ಕಟ್ಯಾನ."

ಅವನು ನೆಲ ನೋಡುತ್ತಾ ಜೀಪಿನ ಕಡೆ ನಡೆದ. ಸಿದ್ದಲಿಂಗೇಶ ಅವನು ಹತ್ತುವ ಮೊದಲೇ ಗಾಡಿ ಶುರು ಮಾಡಿದ್ದ. ಭಾಗಪ್ಪ ನನ್ನನ್ನು ಬಸ್ಸಿಗೆ ಹತ್ತಿಸಿದ. ಕೈ ಊದಿದೆ. ಬರೆಯಲು ತ್ರಾಸವಾಗುತ್ತಿದೆ, ಆದರೂ ಬರೆದೆ.

ಆಗಸ್ಟ್ 23, ಶನಿವಾರ, ಅಮಾವಾಸ್ಯೆ

ಅವನು ಮನೆಗೆ ಬಂದಿಲ್ಲ. ಮನೆ ನನ್ನ ಹೆಸರಿನಲ್ಲಿದೆ, ಬೀಗ ಬದಲಿಸಿದೆ. ನಿನ್ನೆ ಮಹಿಳಾ ಠಾಣೆಗೆ ಹೋಗಿ ಏಪ್ರಿಲಿನದ್ದೆಲ್ಲ ಬರೆಸಿದೆ, ಟಿವಿಯದ್ದು ಸಹಿತ. ಸುಧಾರಾಣಿ ಜೊತೆಗೆ ಬಂದಳು. ದಾರಿಯುದ್ದಕ್ಕೂ ಮಾತಾಡಿದಳು. ಬಾಯಿ ಮುಚ್ಚುವ ಹೆಣ್ಣಲ್ಲ ಅದು. ಒಳಗೆ ಕುಳಿತಾಗ ಮಾತ್ರ ನನ್ನ ಊದಿದ ಕೈ ಹಿಡಿದುಕೊಂಡು ಸುಮ್ಮನಿದ್ದಳು.

ಇಂದು ಗುಡಿಯಲ್ಲಿ ಲಕ್ಷ ತುಂಬಿತು. ಗುಂಡಿ ಒತ್ತಿರಲಿಲ್ಲ. ಸುಧಾರಾಣಿಯ 3,940 ಕಳೆದೇ ಲೆಕ್ಕ ಹಿಡಿದೆ. ಸಿದ್ಧೇಶ್ವರನ ಎದುರು ನಿಂತು ಕೈ ಮುಗಿದೆ. ಶುರುವಿನಲ್ಲಿ ಕೇಳಿಕೊಂಡದ್ದನ್ನು ಮರೆತುಬಿಡು ಎಂದೆ. ನಮ್ಮನ್ನು ಒಂದು ಮಾಡಬೇಡ, ತಂದೆ. ಅವರು ಎಲ್ಲಿದ್ದಾರೋ ಅಲ್ಲಿಯೇ ಇರಲಿ, ನನಗೆ ಗೊತ್ತಾಗದೇ ಇರಲಿ.

ವಾಚನ್ನು ಅಯೂಬನಿಗೆ ಕೊಟ್ಟು ಬಂದೆ. ಒಳಗಿದ್ದದ್ದನ್ನೆಲ್ಲ ಅಳಿಸಿ ಯಾರಿಗಾದರೂ ಕೊಡು, ಆದರೆ ಅವರ ಹೆಸರಿನಲ್ಲೇ ಮಾಡಿಕೊಡು ಎಂದೆ.

ಮನೆಗೆ ಬಂದಾಗ ಭೀಮಾಬಾಯಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಮೊಸರಿನ ಜೊತೆ ನನ್ನ ಉಂಡಿಯ ಡಬ್ಬಿ ಕೊಟ್ಟಳು. ಡಬ್ಬಿಯನ್ನು ಬರಿದಾಗಿ ವಾಪಸ್ಸು ಕಳಿಸಬಾರದಲ್ಲ, ಭಾರವಿತ್ತು. ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಒಳಗೆ ಎರಡು ಕಟಕ ರೊಟ್ಟಿ, ಗಟ್ಟಿಯಾಗಿ ಒಣಗಿಸಿ ಮುರಿದು ಇಟ್ಟದ್ದು. ಒಂದು ಬದಿ ದಪ್ಪ, ಒಂದು ಬದಿ ಹರಿದದ್ದು, ಅಂಚು ಕರಕಲು. ಇಷ್ಟು ಕೆಟ್ಟ ರೊಟ್ಟಿ ನಮ್ಮ ಮನೆಯಲ್ಲಿ ಎಂದೂ ಆಗಿಲ್ಲ. ಎರಡನ್ನೂ ತಿಂದೆ. ಡಬ್ಬಿಯ ತಳದ ಚೂರನ್ನೂ ಬಿಡಲಿಲ್ಲ.